ಸ್ಕೌಟ್ ಎಂದರೆ ಪುಟ್ಟ ಎನ್‌ಸಿಸಿ ಅಲ್ಲ

"ಸರ್, ನಾಳೆ ಶಾಸಕರು ಬರ್ತಾರೆ. ಇಪ್ಪತ್ತು ಸ್ಕೌಟ್ಸ್‌ನ ಯೂನಿಫಾರ್ಮಲ್ಲಿ ಗೇಟ್ ಹತ್ರ ನಿಲ್ಲಿಸಿಬಿಡಿ." ಈ ಮಾತು ಕೇಳದ ಸ್ಕೌಟ್ ಮಾಸ್ಟರ್ ನಮ್ಮ ರಾಜ್ಯದಲ್ಲಿ ಇರಲಿಕ್ಕಿಲ್ಲ. ಕೊರಳಲ್ಲಿ ಸ್ಕಾರ್ಫ್ ಕಂಡರೆ ಸಾಕು, ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ಇದು ಎನ್‌ಸಿಸಿಯ ತಮ್ಮನಂತೆ ಕಾಣುತ್ತದೆ. ಎನ್‌ಸಿಸಿ ರಕ್ಷಣಾ ಇಲಾಖೆಯದು, ಅದರ ಉದ್ದೇಶವೇ ಬೇರೆ.

ಗೊಂದಲಕ್ಕೆ ಕಾರಣವಿದೆ, ಒಪ್ಪುತ್ತೇನೆ. ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಬ್ರಿಟಿಷ್ ಸೇನಾಧಿಕಾರಿಯೇ. ಆದರೆ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಆತ ಮಾಡಿದ್ದು ಕವಾಯತಲ್ಲ. ಸಿರಿವಂತರ ಮಕ್ಕಳನ್ನೂ ದುಡಿಯುವವರ ಮಕ್ಕಳನ್ನೂ ಬೆರೆಸಿ ನಾಲ್ಕು ಪೆಟ್ರೋಲ್, ಅಂದರೆ ಪುಟ್ಟ ತಂಡ, ಮಾಡಿದ. ಪ್ರತಿಯೊಂದಕ್ಕೂ ಒಬ್ಬ ಹುಡುಗನೇ ಮುಂದಾಳು. ಎರಡೇ ವರ್ಷಕ್ಕೆ, 1909ರಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಅದನ್ನು ನಮ್ಮ ಬೆಂಗಳೂರಿಗೆ, ಬಿಷಪ್ ಕಾಟನ್ ಶಾಲೆಗೆ ತಂದರು. ಭಾರತೀಯ ಹುಡುಗರಿಗೆ ಮಾತ್ರ ಪ್ರವೇಶವಿರಲಿಲ್ಲ. ಬರೀ ಲೆಫ್ಟ್ ರೈಟ್ ಕಲಿತ ಹುಡುಗರಿಗಿಂತ ತಾವೇ ತೀರ್ಮಾನ ಮಾಡುವ ಹುಡುಗರು ಸರ್ಕಾರಕ್ಕೆ ಹೆಚ್ಚು ತಲೆನೋವು ಅನ್ನಿಸಿರಬೇಕು. ಇದು ನನ್ನ ಊಹೆ, ಅಷ್ಟೇ.

ಬಾಗಿಲು ಮುಚ್ಚಿದ್ದಕ್ಕೆ ನಮ್ಮವರು ಬೇರೆ ಮನೆಯನ್ನೇ ಕಟ್ಟಿಕೊಂಡರು. ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಅವರ ಒಡನಾಡಿ ಅರುಂಡೇಲ್ 1916ರಲ್ಲಿ ಹುಡುಗರಿಗೆ ಪೇಟ ಸುತ್ತಿಸಿ ಸ್ಕೌಟಿಂಗ್ ಶುರು ಮಾಡಿದರು. ಅಲಹಾಬಾದಿನಲ್ಲಿ ಮಾಳವೀಯ, ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಸ್ಕೌಟ್ ದಳ ಕಟ್ಟಿದರು. ಸೇರುವುದು, ಒಡೆಯುವುದು ಬೇಕಾದಷ್ಟು ನಡೆದು, ಕೊನೆಗೆ 1950ರ ನವೆಂಬರ್ 7ಕ್ಕೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಗೈಡ್‌ಗಳು, ಅಂದರೆ ಹುಡುಗಿಯರ ದಳದವರು, ಮರುವರ್ಷ ಬಂದು ಕೂಡಿಕೊಂಡರು.

ಇಷ್ಟೆಲ್ಲ ಒಡಕಿನ ನಡುವೆಯೂ ಬದಲಾಗದೆ ಉಳಿದದ್ದು ಪೆಟ್ರೋಲ್. ಅದೊಂದೇ ಯಾರ ತಲೆಗೂ ಹೋಗುವುದಿಲ್ಲ. ಆರರಿಂದ ಎಂಟು ಮಕ್ಕಳು, ಅವರಲ್ಲೇ ಒಬ್ಬ ಲೀಡರ್. ಅಡುಗೆ ಯಾರದು, ಟೆಂಟ್ ಯಾವ ಕಡೆಗೆ ಮುಖ ಮಾಡಬೇಕು, ಜಗಳವಾಡಿದವನಿಗೆ ಏನು ಮಾಡುವುದು, ಎಲ್ಲ ಅವರದೇ. ಲೀಡರ್‌ಗಳೆಲ್ಲ ಸೇರಿ ಕೋರ್ಟ್ ಆಫ್ ಆನರ್ ಎಂಬ ಸಭೆಯಲ್ಲಿ ಕೂತು ತೀರ್ಮಾನಿಸುತ್ತಾರೆ. ಅಪಾಯವಿದ್ದರೆ ಮಾಸ್ಟರ್ ನಡುವೆ ಬರಲೇಬೇಕು. ಉಳಿದಂತೆ ಬಾಯಿ ಮುಚ್ಚಿಕೊಂಡಿರುವುದೇ ಆತನ ತರಬೇತಿ. ಮೇಷ್ಟ್ರುಗಳಿಗೆ ಇದು ಬಹಳ ಕಷ್ಟ. ತಾಯಂದಿರಿಗೆ ಇನ್ನೂ ಕಷ್ಟ.

ಒಂದು ಕ್ಯಾಂಪಿನಲ್ಲಿ ಅನ್ನ ತಳ ಹತ್ತಿತ್ತು, ಮೇಲೆ ಇನ್ನೂ ಅಕ್ಕಿ. ನೋಡಲು ಬಂದಿದ್ದ ತಾಯಿಯೊಬ್ಬರು ಸೆರಗು ಸಿಕ್ಕಿಸಿಕೊಂಡು ಸೌಟಿಗೆ ಕೈ ಹಾಕಿಯೇಬಿಟ್ಟರು. "ಅಮ್ಮಾ, ದಯವಿಟ್ಟು ಕೂತ್ಕೊಳ್ಳಿ" ಎಂದೆ. ಮುನಿಸಿಕೊಂಡರು, ಕೂತರು. ಏಳನೇ ಕ್ಲಾಸಿನ ಲೀಡರ್ ನೀರು ಚಿಮುಕಿಸಿ, ಒಲೆಯಿಂದ ಸೌದೆ ಎಳೆದು, ಮುಚ್ಚಳದ ಮೇಲೆ ನಾಲ್ಕು ಕೆಂಡ ಇಟ್ಟ. ಅವನ ಅಜ್ಜಿ ಹೀಗೆ ಮಾಡುತ್ತಿದ್ದರಂತೆ. ಅನ್ನಕ್ಕೆ ಹೊಗೆ ವಾಸನೆ ಇತ್ತು, ಸುಳ್ಳು ಹೇಳುವುದಿಲ್ಲ. ಮಕ್ಕಳು ತಿಂದರು, ಆ ತಾಯಿಯೂ ಎರಡನೇ ಸಲ ಬಡಿಸಿಕೊಂಡರು.

ಸ್ಕೌಟ್‌ಗಳ ರಾಜ್ಯಮಟ್ಟದ ಪ್ರಶಸ್ತಿಯಾದ ರಾಜ್ಯ ಪುರಸ್ಕಾರಕ್ಕೆ ಎಷ್ಟು ಮಾರ್ಕ್ಸ್ ಸಿಗುತ್ತೆ ಎಂದು ಕೇಳುವವರಿಗೆ: ನಿಯಮ ಕೋರ್ಸಿಗೊಂದು, ವರ್ಷಕ್ಕೊಂದು, ಆಯಾ ವರ್ಷದ ಸುತ್ತೋಲೆ ನೋಡಿ. ಅದಕ್ಕೂ ಮೊದಲು ಮಗನನ್ನು "ನಿನ್ನ ಪೆಟ್ರೋಲ್ ಯಾವುದು, ಲೀಡರ್ ಯಾರು?" ಎಂದು ವಿಚಾರಿಸಿ. ಅವನು ಮೇಷ್ಟ್ರ ಹೆಸರು ಹೇಳಿದರೆ, ಆ ಶಾಲೆಯಲ್ಲಿ ಇನ್ನೂ ಸ್ಕೌಟಿಂಗ್ ಶುರುವಾಗಿಲ್ಲ.