ಮರದ ಮೇಲೆ ಚೀನೀ ಬಿದಿರು: ಮೊದಲು ಮರ ಹದವಾಗಲಿ

ದಾವಣಗೆರೆಯ ನನ್ನ ಚಿತ್ರಕಲಾ ತರಗತಿಯಲ್ಲಿ ಕಾಗದದ ಮೇಲೆ ಚೀನೀ ಶೈಲಿಯಲ್ಲಿ ಮಸಿಯಿಂದ ಬಿದಿರು ಬರೆಯುವುದು ಕೈಗೆ ಹತ್ತಿದ ಕೂಡಲೇ ಎಲ್ಲರೂ ಕೇಳುತ್ತಾರೆ: ‘ಸರ್, ಮನೇಲಿ ಹಳೇ ಮರದ ಪೆಟ್ಟಿಗೆ ಇದೆ, ಅದರ ಮೇಲೂ ಬರೀಬಹುದಲ್ವಾ?’ ಖಂಡಿತ ಬರೆಯಬಹುದು. ಆದರೆ ಕುಂಚ ಹಿಡಿಯುವ ಮೊದಲು ಮರವನ್ನು ಹದ ಮಾಡಿಕೊಳ್ಳಬೇಕು.

ಚೀನೀ ಮಸಿ ಎಂದರೆ ಹೊಗೆಯ ಕಾಡಿಗೆ ಮತ್ತು ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟು. ನೀರಿನಲ್ಲಿ ತೇದು ಬಳಸುತ್ತಾರೆ. ಪಾಲಿಶ್ ಇರುವ ಮರದ ಮೇಲೆ ಅದು ಹನಿಹನಿಯಾಗಿ ನಿಲ್ಲುತ್ತದೆ. ಬರಿ ಮರದ ಮೇಲೆ ನಾರು ಹಿಡಿದು ಓಡುತ್ತದೆ. ನಮಗೆ ಬೇಕಾದದ್ದು ಇವೆರಡರ ನಡುವಿನ ಹದ. ಚೀನಾದವರು ತಮ್ಮ ಮಸಿ ಚಿತ್ರಗಳಿಗೆ ಬಳಸುವ ಶ್ವಾನ್ ಕಾಗದ ಜಾಸ್ತಿ ಹೀರದಂತೆ ಪಟಿಕ ಮತ್ತು ಅಂಟು ಕರಗಿಸಿದ ನೀರು ಹಚ್ಚುತ್ತಾರೆ. ಮರಕ್ಕೂ ಅದೇ ಸಾಕು. ಪಟಿಕ ಗ್ರಂಥಿಗೆ ಅಂಗಡಿಯಲ್ಲೇ ಸಿಗುತ್ತದೆ, ಅಂಟಿಗೆ ಜೆಲಟಿನ್ ಪುಡಿ ನಡೆಯುತ್ತದೆ.

ಹಳೇ ಪಾಲಿಶ್ ಪೂರ್ತಿ ತೆಗೆಯಿರಿ. 220, ಆಮೇಲೆ 400 ನಂಬರಿನ ಉಪ್ಪು ಕಾಗದದಲ್ಲಿ ನಾರಿನ ಗುಂಟ ಉಜ್ಜಿ, ಈ ನೀರನ್ನು ತೆಳ್ಳಗೆ ಹಚ್ಚಿ. ಒಣಗಿದಾಗ ನಾರು ಎದ್ದಿರುತ್ತದೆ, 400ರಲ್ಲಿ ಮೆಲ್ಲಗೆ ಸವರಿ. ಪೆಟ್ಟಿಗೆಯ ಅಡಿಭಾಗದಲ್ಲಿ ಒಂದು ಗೆರೆ ಎಳೆದು ನೋಡಿ. ಗೆರೆಯ ಅಂಚಿನಿಂದ ಕೂದಲಿನಂತೆ ಮಸಿ ಹೊರಟರೆ ಇನ್ನೊಂದು ಕೈ ಹಚ್ಚಬೇಕು.

ಮರ ತಿಳಿ ಬಣ್ಣದ್ದಾದಷ್ಟೂ ಒಳ್ಳೆಯದು. ಸಿಲ್ವರ್ ಓಕ್ ಆಗುತ್ತದೆ, ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ ಇನ್ನೂ ಚೆನ್ನ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಮಸಿ ಸರಿಯಾಗಿ ಕೂರುವುದಿಲ್ಲ.

ಇನ್ನು ಬಿದಿರು. ಕಾಂಡವನ್ನು ನಾರಿನ ದಿಕ್ಕಿಗೇ ಎಳೆಯಿರಿ. ಮಸಿ ಸ್ವಲ್ಪ ಹರಿದರೂ ಕಾಂಡದ ಒಳಗೇ ಹರಿಯುತ್ತದೆ, ಅಂಚು ಕೆಡುವುದಿಲ್ಲ. ಕುಂಚ ನೆಟ್ಟಗಿರಲಿ. ಒತ್ತಿ, ಹಗುರಾಗಿ ಮೇಲಕ್ಕೆ ಎಳೆದು, ಮತ್ತೆ ಒತ್ತಿ ಎತ್ತಬೇಕು. ಗಿಣ್ಣಿಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಕಾಂಡದ ಮುಂದಿನ ತುಂಡು ಎಳೆಯಿರಿ. ಕಷ್ಟ ಇರುವುದು ಎಲೆಗಳಲ್ಲಿ. ಅವು ನಾರಿಗೆ ಅಡ್ಡ ಬರುತ್ತವೆ. ಕುಂಚವನ್ನು ಬಟ್ಟೆಗೆ ಒತ್ತಿ ತೇವ ಕಡಿಮೆ ಮಾಡಿಕೊಂಡು, ಒಂದೇ ಎಳೆತಕ್ಕೆ ತುದಿ ಮುಗಿಸಿ. ಮತ್ತೆ ತಿದ್ದಲು ಹೋಗಬೇಡಿ. ನಮ್ಮೂರ ಏಪ್ರಿಲ್ ಮಧ್ಯಾಹ್ನದಲ್ಲಿ ಮಸಿ ತಟ್ಟೆಯಲ್ಲೇ ಗಟ್ಟಿಯಾಗುತ್ತದೆ. ಬೆಳಿಗ್ಗೆ ಬೇಗ ಕೂತು, ಫ್ಯಾನ್ ಆರಿಸಿ ಬರೆಯುವುದು ಮೇಲು. ಖಾಲಿ ಜಾಗ ಇದ್ದರೆ ಸುಮ್ನೆ ತುಂಬಬೇಡಿ. ಮರದ ಎಳೆಗಳೇ ಅಲ್ಲಿ ಮಂಜಿನಂತೆ ಕಾಣುತ್ತವೆ, ನನಗಂತೂ ಅದೇ ಇಷ್ಟ.

ಪೂರ್ತಿ ಒಣಗಿದ ಮೇಲೆ ಫ್ರೆಂಚ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಕೊಡಿ. ನೀರಿನ ವಾರ್ನಿಷ್ ಅನ್ನು ಬ್ರಷ್‌ನಲ್ಲಿ ಬಳಿದರೆ ಮಸಿ ಕದಡಬಹುದು. ಕಾಫಿ ಲೋಟ ಇಡುವ ಟ್ರೇ ಆದರೆ ಫ್ರೆಂಚ್ ಪಾಲಿಶ್ ಬೇಡ, ಬಿಸಿಗೆ ಬಿಳಿ ಕಲೆ ಬೀಳುತ್ತದೆ. ಅದಕ್ಕೆ ಪಿಯು ಕ್ಲಿಯರ್ (ಪಾಲಿಯುರೆಥೇನ್‌ನ ಪಾರದರ್ಶಕ ಲೇಪ) ಸ್ಪ್ರೇ ಮಾಡಿಸಿ.