ಹತ್ತಿರ ಹೋದ ಕೂಡಲೇ ಹಕ್ಕಿ ಹಾರಿಹೋಗುತ್ತೆ, ದೊಡ್ಡ ಲೆನ್ಸ್ ಬೇಕಾ?

ಪ್ರಶ್ನೆ: ನಾನು ದಾವಣಗೆರೆಯವನು. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ, ಕೊಂಡಜ್ಜಿ ಕೆರೆ ಕಡೆ ಕ್ಯಾಮೆರಾ ಹಿಡಿದು ಹೋಗುತ್ತೇನೆ. ಇರೋದು 70-300 ಲೆನ್ಸ್. ಸೆಪ್ಟೆಂಬರ್ ಆದಮೇಲೆ ವಲಸೆ ಹಕ್ಕಿಗಳು ಕಾಣುತ್ತವೆ, ಆದರೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಾರಿಹೋಗುತ್ತವೆ. ಫೋಟೊದಲ್ಲಿ ಒಂದು ಚುಕ್ಕೆ ಉಳಿಯುತ್ತೆ ಅಷ್ಟೇ. ದೊಡ್ಡ ಲೆನ್ಸ್ ತಗೊಳ್ಳಲೇಬೇಕಾ?

ಬೇಡ. ಈ ವರ್ಷ ಅಂತೂ ಬೇಡ. ಮೊದಲು ಆ ನಾಲ್ಕು ಹೆಜ್ಜೆ ಇಡೋದನ್ನು ಬಿಡಿ.

ಹಕ್ಕಿಯ ಹತ್ತಿರ ನಾವು ಹೋಗಬಾರದು, ಅದು ನಮ್ಮ ಹತ್ತಿರ ಬರುವ ಜಾಗದಲ್ಲಿ ಮೊದಲೇ ಹೋಗಿ ಕೂತಿರಬೇಕು. ಕೇಳೋಕೆ ಸುಲಭ, ಅಲ್ವಾ? ನನಗೆ ಇದು ಮೈಗೂಡಲು ಮೂರು ವರ್ಷ ಹಿಡಿಯಿತು.

ಲೆನ್ಸಿನ ಲೆಕ್ಕ ಮೊದಲು ನೋಡೋಣ. ನಿಮ್ಮದು ಸಾಮಾನ್ಯ ಎಪಿಎಸ್-ಸಿ ಸೆನ್ಸರ್ (ಚಿತ್ರ ಹಿಡಿಯುವ ಮಧ್ಯಮ ಅಳತೆಯ ಚಿಪ್) ಇರುವ ಕ್ಯಾಮೆರಾ ಅಂದುಕೊಳ್ಳುತ್ತೇನೆ. 300 ಎಂಎಂಗೆ ಇಟ್ಟು 20 ಮೀಟರ್ ದೂರದ ಹಕ್ಕಿಯನ್ನು ನೋಡಿದರೆ ಫ್ರೇಮಿನ ಅಗಲಕ್ಕೆ ಸುಮಾರು ಒಂದೂವರೆ ಮೀಟರ್ ಜಾಗ ಹಿಡಿಸುತ್ತೆ. ಅದರಲ್ಲಿ 17 ಸೆಂಟಿಮೀಟರ್ ಉದ್ದದ ಸಿಪಿಲೆ (ವ್ಯಾಗ್‌ಟೇಲ್) ಹಕ್ಕಿ ಒಂಬತ್ತರಲ್ಲಿ ಒಂದು ಪಾಲು. ಅದೇ ಹಕ್ಕಿ 10 ಮೀಟರ್‌ಗೆ ಬಂದರೆ ಫ್ರೇಮಿನಲ್ಲಿ ಎರಡರಷ್ಟು ದೊಡ್ಡದಾಗುತ್ತೆ. 600 ಎಂಎಂ ಲೆನ್ಸ್ ಕೊಂಡರೂ ಸಿಗೋದು ಇಷ್ಟೇ. ಒಂದಕ್ಕೆ ದೊಡ್ಡ ಮೊತ್ತ ಬೇಕು, ಇನ್ನೊಂದಕ್ಕೆ ಮುಕ್ಕಾಲು ಗಂಟೆ ಅಲ್ಲಾಡದೆ ಕೂರೋದು ಸಾಕು. ಇನ್ನೊಂದು ವಿಷಯ. ಒಂಬತ್ತು ಗಂಟೆ ದಾಟಿ ಬಿಸಿಲ ಝಳ ಏಳೋಕೆ ಶುರುವಾದ ಮೇಲೆ ದೂರದ ಹಕ್ಕಿ ಯಾವ ಲೆನ್ಸಿಗೂ ಚೂಪಾಗಿ ಸಿಗುವುದಿಲ್ಲ. ನಡುವಿನ ಗಾಳಿಯೇ ಅಲುಗುತ್ತಿರುತ್ತೆ. ಹತ್ತಿರದ ಹಕ್ಕಿಗೆ ಆ ತೊಂದರೆ ಕಡಿಮೆ.

ಈಗ ಹಕ್ಕಿಯ ಕಡೆಯಿಂದ ಯೋಚಿಸಿ. ಹಳದಿ ಸಿಪಿಲೆ ನಿಮ್ಮ ಅಂಗೈ ಮೇಲೆ ಕೂತರೆ ಭಾರವೇ ಗೊತ್ತಾಗಲ್ಲ, 20 ಗ್ರಾಂ ಆಸುಪಾಸು. ಅಷ್ಟು ಚಿಕ್ಕದು ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ನಮ್ಮ ಗದ್ದೆ ಬದುವಿಗೆ ಬಂದಿರುತ್ತೆ. ಹೊರಡುವ ಮುಂಚೆ ತಿಂದು ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತೆ. ದಾರಿಯುದ್ದಕ್ಕೂ ಅದನ್ನೇ ಸುಡುತ್ತೆ. ಇಲ್ಲಿಗೆ ಬಂದಾಗ ಆ ಗಂಟು ಖಾಲಿ. ಅದರ ಕೆಲಸ ಒಂದೇ, ತಿನ್ನೋದು. ನಾವು ಒಂದು ಸಲ ಎಬ್ಬಿಸಿದರೆ ಅದು ತಿನ್ನೋದನ್ನು ಬಿಟ್ಟು, ಇರುವ ಶಕ್ತಿಯನ್ನೂ ಕಳೆದುಕೊಂಡು ಹಾರಬೇಕು. ನಮ್ಮ ಹಿಂದೆಯೇ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಬಂದರೆ? ಭಾನುವಾರದ ಬೆಳಗು ಅದಕ್ಕೆ ಉಪವಾಸದ ಬೆಳಗು.

ನಾನೂ ಇದನ್ನೇ ಮಾಡಿದವನು. ಕೆಲವು ವರ್ಷಗಳ ಹಿಂದೆ ನವೆಂಬರ್‌ನಲ್ಲಿ ಸೂಳೆಕೆರೆಯ ಅಂಚಲ್ಲಿ ಒಂದು ಹಿಂಡು ಸೂಜಿಬಾಲದ ಬಾತು ಕಂಡವು. ಬಗ್ಗಿ ಬಗ್ಗಿ ಹತ್ತಿರ ಹೋದೆ. ಮೊದಲು ಒಂದೆರಡು ಬಾತು ಕತ್ತು ಎತ್ತಿದವು. ಆಮೇಲೆ ಎಲ್ಲವೂ ಎತ್ತಿದವು. ಒತ್ತಾಗಿ ಸೇರಿ ನಿಧಾನಕ್ಕೆ ಒಳನೀರಿನ ಕಡೆ ಈಜತೊಡಗಿದವು. ಅಲ್ಲೇ ನಿಂತಿದ್ದರೆ ಸಾಕಿತ್ತು. ಇನ್ನೂ ಹತ್ತು ಹೆಜ್ಜೆ ಇಟ್ಟೆ. ಇಡೀ ಹಿಂಡು ಎದ್ದು ಎರಡು ಸುತ್ತು ಹೊಡೆದು ಗುಡ್ಡದ ಆಚೆ ಹೋಯಿತು. ಮಧ್ಯಾಹ್ನದವರೆಗೆ ಕಾದರೂ ವಾಪಸ್ ಬರಲಿಲ್ಲ. ಅವತ್ತಿನ ಫೋಟೊಗಳು ಇನ್ನೂ ಇವೆ. ಎಲ್ಲದರಲ್ಲೂ ಹಕ್ಕಿಗಳ ಬೆನ್ನು.

ಅವು ಹಾರುವ ಮುಂಚೆ ಹೇಳಿಯೇ ಹಾರುತ್ತವೆ, ನಾವು ಕೇಳಿಸಿಕೊಳ್ಳಬೇಕು. ತಿನ್ನುತ್ತಿದ್ದದ್ದು ಫಕ್ಕನೆ ನಿಂತಿತಾ? ಕತ್ತು ನೀಳವಾಯಿತಾ? ಗದ್ದೆಗೊರವ (ಸ್ಯಾಂಡ್‌ಪೈಪರ್) ಹಿಂಭಾಗ ಕುಣಿಸೋದು ಜೋರಾಯಿತಾ? ಹಿಕ್ಕೆ ಹಾಕಿತಾ? ಹಾಗಾದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ, ನೋಟವನ್ನು ಬೇರೆ ಕಡೆ ತಿರುಗಿಸಿ, ಮೆಲ್ಲಗೆ ಎರಡು ಹೆಜ್ಜೆ ಹಿಂದಕ್ಕೆ ಇಡಿ. ಎಷ್ಟೋ ಸಲ ಅದು ಮತ್ತೆ ತಲೆ ತಗ್ಗಿಸಿ ತಿನ್ನೋಕೆ ಶುರು ಮಾಡುತ್ತೆ.

ಕೆರೆ ಅಂಗಳದಲ್ಲಿ ಎಮ್ಮೆ ಕಾಯುವವರನ್ನು ಗಮನಿಸಿದ್ದೀರಾ? ಅವರು ಹಕ್ಕಿಗಳ ಪಕ್ಕದಲ್ಲೇ ಹಾದುಹೋಗುತ್ತಾರೆ, ಒಂದೂ ಏಳುವುದಿಲ್ಲ. ಅವರು ದಿನಾ ಅದೇ ದಾರಿಯಲ್ಲಿ, ಅದೇ ನಡಿಗೆಯಲ್ಲಿ ಬರುತ್ತಾರೆ. ಹಕ್ಕಿಯ ಕಡೆ ನೆಟ್ಟ ನೋಟದಿಂದ ನೋಡುವುದಿಲ್ಲ, ಅದರ ಕಡೆಗೆ ನೇರವಾಗಿ ನಡೆಯುವುದೂ ಇಲ್ಲ. ನಾವಾದರೋ ಬಗ್ಗಿ, ನಿಂತು, ಮತ್ತೆ ಬಗ್ಗಿ, ಕಣ್ಣು ಕೀಳದೆ ನೇರ ಹೋಗುತ್ತೇವೆ. ಬೆಕ್ಕು ಬೇಟೆಗೆ ಹೋಗೋದೂ ಹೀಗೇ ತಾನೆ? ಹಕ್ಕಿಗೆ ನಾವು ಕಾಣೋದೂ ಹಾಗೇ.

ಹಾಗಾಗಿ ಮಾಡಬೇಕಾದ್ದು ಇಷ್ಟು. ಹಿಂದಿನ ದಿನ ಸಂಜೆ ಹೋಗಿ ದೂರದಿಂದ ನೋಡಿ, ಹಕ್ಕಿಗಳು ಯಾವ ಅಂಚಲ್ಲಿ ಮೇಯುತ್ತವೆ ಅಂತ. ಒದ್ದೆ ಮಣ್ಣಿನ ಮೇಲೆ ಕಾಲಿನ ಗುರುತು, ಹಿಕ್ಕೆ, ಪುಕ್ಕ ಇದ್ದರೆ ಅದು ಅವುಗಳ ಊಟದ ಜಾಗ. ಮಾರನೆ ದಿನ ಸೂರ್ಯ ಹುಟ್ಟುವ ಮುಂಚೆ ಅಲ್ಲಿ ಕೂತುಬಿಡಿ. ಅಕ್ಟೋಬರ್ ನಡುವಿನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟೋದು ಆರೂಕಾಲರ ಸುಮಾರಿಗೆ, ನೀವು ಐದೂಮುಕ್ಕಾಲಿಗೆ ಅಲ್ಲಿರಬೇಕು. ಬಂಡೆ, ಜಾಲಿ ಗಿಡ, ಏನಾದರೂ ಬೆನ್ನಿಗಿರಲಿ. ಆಗ ನಿಮ್ಮ ಆಕಾರ ಆಕಾಶಕ್ಕೆ ಎದ್ದು ಕಾಣಲ್ಲ. ಬಟ್ಟೆ ಮಣ್ಣಿನ ಬಣ್ಣದ್ದಾದರೆ ಸಾಕು, ಮಿಲಿಟರಿ ಬಟ್ಟೆ ಏನೂ ಬೇಕಿಲ್ಲ. ತಿಂಡಿಗೆ ಮಂಡಕ್ಕಿ ಒಯ್ದರೆ ಬಟ್ಟೆ ಚೀಲದಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಕವರಿನ ಸರಸರ ಸದ್ದು ನೀರಿನ ಮೇಲೆ ತುಂಬ ದೂರ ಹೋಗುತ್ತೆ.

ಕೊಂಡಜ್ಜಿಯಲ್ಲಿ ಒಂದು ಬೆಳಿಗ್ಗೆ ಹೀಗೆ ಕೂತಿದ್ದೆ. ಮೊದಲ ಇಪ್ಪತ್ತು ನಿಮಿಷ ಏನೂ ಇಲ್ಲ. ಸೊಳ್ಳೆ, ಕಾಲು ಜೋಮು. ಆಮೇಲೆ ಎಡಗಡೆಯಿಂದ ಒಂದು ಹಳದಿ ಸಿಪಿಲೆ ನೀರಂಚಿನಲ್ಲೇ ಓಡುತ್ತಾ ಬಂತು. ಓಡುತ್ತೆ, ನಿಲ್ಲುತ್ತೆ, ಬಾಲ ಕುಣಿಸುತ್ತೆ, ಟಪ್ ಅಂತ ಒಂದು ನೊಣ. ಹತ್ತು ಮೀಟರ್. ಐದು ಮೀಟರ್. ಕೊನೆಗೆ ನನ್ನ ಶೂ ಪಕ್ಕದ ಸಗಣಿಯ ಮೇಲೆ ನೊಣ ಹುಡುಕುತ್ತಿತ್ತು. ಅದರ ಹಿಂಬೆರಳಿನ ಉದ್ದನೆ ಉಗುರು ಬರಿಗಣ್ಣಿಗೇ ಕಾಣುತ್ತಿತ್ತು. ಕಾಲಿನ ಮೇಲೆ ಒಣಗಿದ ಕೆಸರಿನ ಗೆರೆ ಇತ್ತು. ಲೆನ್ಸ್ ಫೋಕಸ್ ಆಗದಷ್ಟು ಹತ್ತಿರ. ಕ್ಯಾಮೆರಾ ಇಳಿಸಿ ಸುಮ್ನೆ ನೋಡಿದೆ.

ಎಲ್ಲಿ ಕೂರಬೇಕು ಅನ್ನೋದಕ್ಕೆ ಬೆಳಕು, ಗಾಳಿ ಎರಡೂ ಲೆಕ್ಕಕ್ಕೆ ಬರುತ್ತವೆ. ಹಕ್ಕಿಗಳು ಏಳೋದೂ ಇಳಿಯೋದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಸೆಪ್ಟೆಂಬರಿನಲ್ಲಿ ಇನ್ನೂ ಪಡುವಣ ಗಾಳಿ ಇರುತ್ತೆ. ಆಗ ಸಂಜೆ ಹೊತ್ತು ಪಶ್ಚಿಮದ ದಂಡೆಯಲ್ಲಿ ಕೂತರೆ ಬಿಸಿಲೂ ಗಾಳಿಯೂ ನಿಮ್ಮ ಬೆನ್ನಿಗೆ. ಇಳಿಯುವ ಹಕ್ಕಿಯ ಮುಖ ನಿಮ್ಮ ಕಡೆಗೆ. ಅಕ್ಟೋಬರ್ ಕೊನೆಗೆ ಮುಂಗಾರು ಹಿಂದೆ ಸರಿದು ಮೂಡಲ ಗಾಳಿ ಶುರುವಾದರೆ ಇದು ತಿರುಗುಮುರುಗು, ಬೆಳಿಗ್ಗೆ ಹೊತ್ತು ಪೂರ್ವದ ದಂಡೆ ಒಳ್ಳೆಯದು. ನವೆಂಬರಿನ ಬೆಳಗು ನನಗೆ ಇಷ್ಟ ಆಗೋದು ಇದಕ್ಕೇ.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದಿರಲಿ, ಶಟರ್ ವೇಗ ಕೂತ ಹಕ್ಕಿಗೆ 1/1000 ಸೆಕೆಂಡ್, ಹಾರುವ ಹಕ್ಕಿಗೆ 1/2000, ಐಎಸ್ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) ಆಟೊ. ಫೋಕಸ್ ಬಿಡದೆ ಹಿಂಬಾಲಿಸುವ ಮೋಡಿನಲ್ಲಿರಲಿ, ಪಾಯಿಂಟ್ ಕಣ್ಣಿನ ಮೇಲಿರಲಿ. ಬೆಳ್ಳಕ್ಕಿಗೆ ಬಿಸಿಲು ಬಿದ್ದರೆ ಬಿಳಿ ಉರಿದುಹೋಗುತ್ತೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಮೋಡದ ಆಕಾಶಕ್ಕೆ ಎದುರಾಗಿ ಹಾರುವ ಹಕ್ಕಿಗೆ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವ ಹಾಗೆ, ಏರಿಸಿ. ಕ್ಯಾಮೆರಾ ಹಕ್ಕಿಯ ಕಣ್ಣಿನ ಎತ್ತರಕ್ಕೇ ಇರಲಿ, ಅಂದರೆ ನೆಲಕ್ಕೆ. ಫೋಟೊ ಚೆನ್ನಾಗಿ ಬರೋದರಲ್ಲಿ ಅರ್ಧ ಪಾಲು ಇದರದ್ದೇ.

ಇನ್ನೊಂದು ಗೊಂದಲ ತುಂಬ ಜನರಿಗಿದೆ. ಪುಸ್ತಕದಲ್ಲಿ ಬಣ್ಣ ಬಣ್ಣದ ಬಾತು, ಕೆರೆಯಲ್ಲಿ ಎಲ್ಲವೂ ಕಂದು. ಬೇರೆ ಹಕ್ಕಿ ಇರಬೇಕು ಅಂತ ಬಿಟ್ಟುಬಿಡುತ್ತಾರೆ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತುಗಳು ಬಣ್ಣದ ಪುಕ್ಕ ಉದುರಿಸಿ ಹೆಣ್ಣಿನ ಹಾಗೆ ಕಂದಾಗುತ್ತವೆ. ಇಲ್ಲಿಗೆ ಬರೋದೂ ಆ ವೇಷದಲ್ಲೇ. ಗಾರ್ಗನಿ ಬಾತಿನ ಗಂಡಿಗೆ ಆ ಬಿಳಿ ಹುಬ್ಬು ಮೂಡೋದು ಚಳಿಗಾಲ ಸಾಕಷ್ಟು ಕಳೆದ ಮೇಲೆ. ಹಾಗಾಗಿ ಅಕ್ಟೋಬರಿನಲ್ಲಿ ಬಣ್ಣ ನಂಬಬೇಡಿ. ಕೊಕ್ಕಿನ ಆಕಾರ, ಕಾಲಿನ ಬಣ್ಣ, ರೆಕ್ಕೆ ಬಿಚ್ಚಿದಾಗ ಕಾಣುವ ಪಟ್ಟೆ, ಇವು ಸಿಗುವ ಹಾಗೆ ಫೋಟೊ ತೆಗೆಯಿರಿ. ಸಲಿಕೆಯಂಥ ಅಗಲ ಕೊಕ್ಕು ಕಂಡರೆ ಅದು ಶೋವೆಲರ್, ಮೈ ಯಾವ ಬಣ್ಣದ್ದಾದರೂ ಸರಿ. ಹಾಂ, ಪಟ್ಟೆತಲೆ ಹೆಬ್ಬಾತುಗಳಿಗೆ ಈಗಲೇ ಕಾಯಬೇಡಿ. ಹಿಮಾಲಯ ದಾಟಿ ಬರುವ ಅವು ನಮ್ಮ ಕಡೆ ಸೇರೋದು ಚಳಿ ಹಿಡಿದ ಮೇಲೆ. ಗದಗ ಜಿಲ್ಲೆಯ ಮಾಗಡಿ ಕೆರೆ ಅವುಗಳಿಗೆ ಹೆಸರುವಾಸಿ. 2024ರಲ್ಲಿ ಆ ಕೆರೆಯೂ, ನಮಗೆ ಹತ್ತಿರದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿ, ಸೇರಿದವು. ಒಮ್ಮೆ ಹೋಗಿಬನ್ನಿ.

ಚಿತ್ರದುರ್ಗದ ಕಡೆ ಹೋದರೆ ಆಟವೇ ಬೇರೆ. ಅಲ್ಲಿ ನೀರಿಗಿಂತ ಬಯಲು ಜಾಸ್ತಿ. ಚಳ್ಳಕೆರೆ ಸುತ್ತಿನ ಹುಲ್ಲುಗಾವಲು, ಶೇಂಗಾ ಕಿತ್ತ ಹೊಲಗಳ ಮೇಲೆ ಸೆಳೆವಗಳು (ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿಗಳು) ತಗ್ಗಿನಲ್ಲಿ ತೇಲುತ್ತಾ ಹುಡುಕಾಡುತ್ತವೆ. ಇವಕ್ಕೆ ಕಾರೇ ಒಳ್ಳೆ ಮರೆ. ರಸ್ತೆ ಪಕ್ಕ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕಿಟಕಿಯ ಮೇಲೆ ಒಂದು ಪುಟ್ಟ ಅಕ್ಕಿ ಚೀಲ ಇಟ್ಟು ಅದರ ಮೇಲೆ ಲೆನ್ಸ್ ಊರಿ. ಬಾಗಿಲು ಮಾತ್ರ ತೆಗೆಯಬೇಡಿ. ತೆಗೆದ ಕೂಡಲೇ ನೀವು ಮನುಷ್ಯರು ಅಂತ ಗೊತ್ತಾಗಿಬಿಡುತ್ತೆ. ಸಂಜೆ ಸೆಳೆವಗಳು ಹುಲ್ಲಿನೊಳಗೆ, ನೆಲದ ಮೇಲೇ ಗುಂಪಾಗಿ ಮಲಗುತ್ತವೆ. ಅವು ಇಳಿಯುವ ಜಾಗ ಗೊತ್ತಾದರೂ ಆ ಹುಲ್ಲಿಗೆ ಕಾಲಿಡಬೇಡಿ. ಕತ್ತಲಲ್ಲಿ ಎದ್ದ ಹಕ್ಕಿಗೆ ಮತ್ತೊಂದು ಜಾಗ ಹುಡುಕೋದು ಕಷ್ಟ. ಜೋಗಿಮಟ್ಟಿ ಕಾಡಿಗೆ ಹೋಗುವುದಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ.

ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಕರೆಯೋದು, ಡ್ರೋನ್ ಹಾರಿಸೋದು, ಹಿಂಡು ಎದ್ದ ಫೋಟೊ ಬೇಕು ಅಂತ ಕಲ್ಲೆಸೆಯೋದು, ಇವನ್ನು ಯಾರು ಮಾಡಿದರೂ ಅಲ್ಲೇ ತಡೆಯಿರಿ. ನಾನು ತಡೆಯುತ್ತೇನೆ, ಗೆಳೆಯರಾದರೂ ಬಿಡುವುದಿಲ್ಲ.

ಒಂದು ಹಕ್ಕಿ ಮಾತ್ರ ನೀವು ಹೋಗದಿದ್ದರೂ ತಾನೇ ಮನೆಗೆ ಬರಬಹುದು, ನವರಂಗ (ಇಂಡಿಯನ್ ಪಿಟ್ಟ). ಉತ್ತರದಲ್ಲಿ ಮರಿ ಮಾಡಿ ಅಕ್ಟೋಬರ್, ನವೆಂಬರಿನಲ್ಲಿ ದಕ್ಷಿಣಕ್ಕೆ ಬರುವಾಗ ರಾತ್ರಿ ಹಾರುತ್ತೆ. ಸುಸ್ತಾಗಿ ಹಿತ್ತಲಿಗೆ ಇಳಿಯುತ್ತೆ, ಕೆಲವು ಸಲ ಕಿಟಕಿ ಗಾಜಿಗೆ ಬಡಿದು ಬೀಳುತ್ತೆ. ಅಷ್ಟು ಚೆಂದದ ಹಕ್ಕಿ ಕಾಲ ಬುಡದಲ್ಲಿದ್ದಾಗ ಕ್ಯಾಮೆರಾ ನೆನಪಾಗೋದು ಸಹಜ. ದಯವಿಟ್ಟು ಆಗ ಫೋಟೊ ಬೇಡ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿಟ್ಟು, ಮುಚ್ಚಿ, ನಾಯಿ ಬೆಕ್ಕು ಬಾರದ ಕೋಣೆಯಲ್ಲಿ ಇಡಿ. ಬಾಯಿಗೆ ನೀರು ಹಾಕಬೇಡಿ. ಒಂದೆರಡು ಗಂಟೆ ಬಿಟ್ಟು ಗಿಡದ ಬುಡಕ್ಕೆ ಒಯ್ದು ಡಬ್ಬಿ ತೆರೆಯಿರಿ. ಚೇತರಿಸಿಕೊಂಡಿದ್ದರೆ ಅದು ಮೊದಲು ಡಬ್ಬಿಯ ಅಂಚಿಗೆ ಜಿಗಿದು, ಮೋಟು ಬಾಲ ಒಂದೆರಡು ಸಲ ಅಲ್ಲಾಡಿಸಿ, ಆಮೇಲೆ ಹೋಗುತ್ತೆ.