ಸ್ವಂತ ಪುಟ, ಸ್ವಂತ ವಿಳಾಸ: ವೈಯಕ್ತಿಕ ಜಾಲತಾಣ ಸಾಗಿಬಂದ ದಾರಿ

ವೆಬ್ ಹುಟ್ಟಿದಾಗ ಓದುವ ಸಾಧನವೂ ಬರೆಯುವ ಸಾಧನವೂ ಒಂದೇ ಆಗಿದ್ದವು. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1990ರ ಕೊನೆಯ ಹೊತ್ತಿಗೆ ಸಿದ್ಧಪಡಿಸಿದ ಮೊದಲ ಬ್ರೌಸರ್‌ನಲ್ಲಿ ಪುಟವನ್ನು ನೋಡುತ್ತಲೇ ತಿದ್ದಬಹುದಿತ್ತು, ಹೊಸ ಕೊಂಡಿ ಸೇರಿಸಬಹುದಿತ್ತು. ಆದರೆ ಅದು ನೆಕ್ಸ್ಟ್ ಎಂಬ ಕಂಪ್ಯೂಟರ್‌ಗಳಲ್ಲಿ ಮಾತ್ರ ನಡೆಯುತ್ತಿತ್ತು. ವೆಬ್ಬನ್ನು ನಿಜಕ್ಕೂ ಜನರ ಬಳಿಗೆ ಒಯ್ದದ್ದು 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಿಂದ ಬಂದ ಮೊಸಾಯಿಕ್ ಬ್ರೌಸರ್; ಅದು ಪುಟಗಳನ್ನು ಚಿತ್ರಸಮೇತ ಚೆಂದವಾಗಿ ತೋರಿಸುತ್ತಿತ್ತೇ ಹೊರತು ತಿದ್ದಲು ಬಿಡುತ್ತಿರಲಿಲ್ಲ. ಅಂದು ಬೇರೆಯಾದ ಓದುಗ ಮತ್ತು ಬರಹಗಾರರನ್ನು ಮತ್ತೆ ಒಬ್ಬರಲ್ಲೇ ಕೂಡಿಸಲು ನಡೆದ ಪ್ರಯತ್ನಗಳಲ್ಲಿ ವೈಯಕ್ತಿಕ ಜಾಲತಾಣಕ್ಕೆ ದೊಡ್ಡ ಪಾಲಿದೆ.

1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ವೆಬ್‌ನ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಘೋಷಿಸಿತು. ಆಗ ವೆಬ್ ಸರ್ವರ್‌ಗಳು, ಅಂದರೆ ಪುಟಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರ್‌ಗಳು, ಇದ್ದದ್ದು ಹೆಚ್ಚಾಗಿ ವಿಶ್ವವಿದ್ಯಾಲಯಗಳಲ್ಲಿ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ. ಅಲ್ಲಿನ ಯುನಿಕ್ಸ್ ವ್ಯವಸ್ಥೆಯ ಕಂಪ್ಯೂಟರ್‌ಗಳಲ್ಲಿ ಖಾತೆ ಇದ್ದ ವಿದ್ಯಾರ್ಥಿಯೋ ಅಧ್ಯಾಪಕರೋ ತಮ್ಮ ಖಾತೆಯ ಒಂದು ನಿಗದಿತ ಫೋಲ್ಡರ್‌ನಲ್ಲಿ ಕಡತವೊಂದನ್ನು ಇಟ್ಟರೆ ಸಾಕು, ಸಂಸ್ಥೆಯ ವಿಳಾಸದ ಮುಂದೆ ಟಿಲ್ಡೆ ಎಂಬ ಅಲೆಯಾಕಾರದ ಚಿಹ್ನೆ ಮತ್ತು ಅವರ ಬಳಕೆದಾರ ಹೆಸರು ಸೇರಿ ಜಗತ್ತಿಗೆಲ್ಲ ಕಾಣುವ ಪುಟವಾಗುತ್ತಿತ್ತು. ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಜಸ್ಟಿನ್ ಹಾಲ್ 1994ರಲ್ಲಿ ಆರಂಭಿಸಿ, ತನ್ನ ಬದುಕನ್ನೇ ಬಿಚ್ಚಿಟ್ಟು ಬರೆದ ಪುಟಗಳು ಆ ಕಾಲದ ಹೆಸರಾಂತ ಉದಾಹರಣೆ. ಸಂಪಾದಕರ ಒಪ್ಪಿಗೆಯಾಗಲಿ ಮುದ್ರಣದ ಖರ್ಚಾಗಲಿ ಇಲ್ಲದೆ ಒಬ್ಬ ವಿದ್ಯಾರ್ಥಿಯ ಮಾತು ದೊಡ್ಡ ಸಂಸ್ಥೆಯ ಪ್ರಕಟಣೆಯಷ್ಟೇ ಸುಲಭವಾಗಿ ತೆರೆದುಕೊಳ್ಳುತ್ತಿತ್ತು.

ಆ ಕಾಲದಲ್ಲಿ ಪುಟ ಮಾಡುವುದನ್ನು ಕಲಿತ ಬಗೆಯನ್ನೂ ಗಮನಿಸಬೇಕು. ಬ್ರೌಸರ್‌ನಲ್ಲಿ ಪುಟದ ಮೂಲ ಸಂಕೇತವನ್ನು ತೋರಿಸುವ ಆಯ್ಕೆಯೊಂದಿತ್ತು, ಇಂದಿಗೂ ಇದೆ. ಯಾರದೋ ಪುಟದಲ್ಲಿ ಕೋಷ್ಟಕವೊಂದು ಅಚ್ಚುಕಟ್ಟಾಗಿ ಕಂಡರೆ, ಅದರ ಹಿಂದಿನ ಎಚ್‌ಟಿಎಂಎಲ್ ಟ್ಯಾಗ್‌ಗಳನ್ನು, ಅಂದರೆ ಪುಟದ ಯಾವ ಭಾಗ ಏನೆಂದು ಬ್ರೌಸರ್‌ಗೆ ತಿಳಿಸುವ ಗುರುತುಗಳನ್ನು, ತೆರೆದು ನೋಡಿ, ನಕಲು ಮಾಡಿ, ನಡುವಿನ ಪಠ್ಯವನ್ನು ಬದಲಿಸಿ, ಉಳಿಸಿ, ಮತ್ತೆ ಲೋಡ್ ಮಾಡಿದರೆ ಫಲಿತಾಂಶ ಕಣ್ಣೆದುರೇ ಇರುತ್ತಿತ್ತು. ಒಂದು ಟ್ಯಾಗ್ ಮುಚ್ಚುವುದನ್ನು ಮರೆತರೆ ಅಲ್ಲಿಂದ ಕೆಳಗಿನ ಅಕ್ಷರಗಳೆಲ್ಲ ದಪ್ಪವಾಗಿಬಿಡುತ್ತಿದ್ದವು. ಆ ತಪ್ಪನ್ನು ಹುಡುಕಿ ಸರಿಪಡಿಸಿದವರಿಗೆ ಪುಟ ಹೇಗೆ ಕಟ್ಟಲ್ಪಟ್ಟಿದೆ ಎಂಬುದು ಶಾಶ್ವತವಾಗಿ ತಿಳಿದಿರುತ್ತಿತ್ತು. ಹೀಗೆ ಒಮ್ಮೆ ಪುಟ ಕಟ್ಟಿದವರು ಬೇರೆಯವರ ಪುಟಗಳನ್ನು ನೋಡುವ ಕಣ್ಣೇ ಬೇರೆ. ಅಂತರ್ಜಾಲವೆಂಬುದು ಎಲ್ಲಿಂದಲೋ ಸಿದ್ಧವಾಗಿ ಬರುವ ವಸ್ತುವಲ್ಲ, ಯಾರೋ ಸಾಲು ಸಾಲಾಗಿ ಬರೆದದ್ದು ಎಂಬ ಅರಿವು ಅವರಿಗೆ ಕೈಯಿಂದಲೇ ಬಂದಿರುತ್ತದೆ.

ವಿಶ್ವವಿದ್ಯಾಲಯದ ನಂಟಿಲ್ಲದವರಿಗೆ ಈ ಅವಕಾಶವನ್ನು ದೊಡ್ಡ ಪ್ರಮಾಣದಲ್ಲಿ ತೆರೆದದ್ದು 1994ರಲ್ಲಿ ಶುರುವಾಗಿ ಮುಂದೆ ಜಿಯೋಸಿಟೀಸ್ ಎಂದು ಹೆಸರಾದ ಸೇವೆ. ಅದು ಪುಟಗಳನ್ನು ವಿಷಯವಾರು ಬಡಾವಣೆಗಳಾಗಿ ವಿಂಗಡಿಸಿತ್ತು: ಕಂಪ್ಯೂಟರ್ ಆಸಕ್ತರಿಗೆ ಸಿಲಿಕಾನ್ ವ್ಯಾಲಿ, ವೈಜ್ಞಾನಿಕ ಕಥೆಗಳ ಪ್ರಿಯರಿಗೆ ಏರಿಯಾ 51, ಹೀಗೆ. ಮಿನುಗುವ ಅಕ್ಷರ, ಭೇಟಿ ಕೊಟ್ಟವರ ಎಣಿಕೆ ತೋರಿಸುವ ಅಂಕಿ, ಸಂದೇಶ ಬಿಟ್ಟುಹೋಗಲು ಅತಿಥಿ ಪುಸ್ತಕ, ಒಂದೇ ಆಸಕ್ತಿಯ ಪುಟಗಳನ್ನು ಸರಪಳಿಯಂತೆ ಜೋಡಿಸಿ ಹಿಂದಿನ ತಾಣ, ಮುಂದಿನ ತಾಣ ಎಂದು ತೋರಿಸುವ ವೆಬ್‌ರಿಂಗ್ ಇವೆಲ್ಲ ಆ ಪುಟಗಳ ಲಕ್ಷಣ. ‘ನಿರ್ಮಾಣ ಹಂತದಲ್ಲಿದೆ’ ಎಂಬ ಫಲಕವನ್ನಂತೂ ಜನ ಎಗ್ಗಿಲ್ಲದೆ ಹಾಕಿಕೊಳ್ಳುತ್ತಿದ್ದರು. ನಂತರದ ವಿನ್ಯಾಸಕಾರರು ಆ ಫಲಕವನ್ನು ಎಷ್ಟು ಗೇಲಿ ಮಾಡಿದರೂ, ಪುಟವೆಂದರೆ ಮುಗಿಯದ ಕೆಲಸ, ಮತ್ತೆ ಮತ್ತೆ ಬಂದು ತಿದ್ದುವಂಥದ್ದು ಎಂಬ ಸರಿಯಾದ ತಿಳಿವಳಿಕೆ ಅದರಲ್ಲಿತ್ತು.

ಆದರೆ ಇಂದು ಜಿಯೋಸಿಟೀಸ್ ಅನ್ನು ಸ್ವಾತಂತ್ರ್ಯದ ಸುವರ್ಣಯುಗವೆಂದು ನೆನೆಯುವವರು ಒಂದು ಸಂಗತಿಯನ್ನು ಬದಿಗಿಡುತ್ತಾರೆ. ಆ ಪುಟಗಳ ವಿಳಾಸ ಬರೆದವರದಾಗಿರಲಿಲ್ಲ, ಕಂಪನಿಯದಾಗಿತ್ತು. 1999ರಲ್ಲಿ ಯಾಹೂ ಅದನ್ನು 350 ಕೋಟಿ ಡಾಲರಿಗೂ ಹೆಚ್ಚು ಮೌಲ್ಯದ ಷೇರುಗಳನ್ನು ಕೊಟ್ಟು ಕೊಂಡಿತು. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೇವೆಯನ್ನು ಮುಚ್ಚಿತು. ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಮತ್ತು ಇಂಟರ್ನೆಟ್ ಆರ್ಕೈವ್ ನಕಲು ಮಾಡಿಕೊಂಡಷ್ಟು ಪುಟಗಳು ಉಳಿದವು.

ಈ ನಡುವೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿತ್ತು. 1999ರಲ್ಲಿ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಎಂಬ ಬ್ಲಾಗ್ ಬರೆಯುವ ಸಾಧನಗಳು ಬಂದು, ಟ್ಯಾಗ್‌ಗಳ ಗೊಡವೆಯಿಲ್ಲದೆ ಬರೆಯುವಂತಾಯಿತು. ಬರೆಯುವವರ ಸಂಖ್ಯೆ ಬೆಳೆಯಿತು, ಅದು ಒಳ್ಳೆಯದೇ. ಆದರೆ ಹೊಸದು ಮೇಲೆ, ಹಳೆಯದು ಕೆಳಗೆ ಎಂಬ ದಿನಾಂಕದ ಕ್ರಮ ಎಲ್ಲಕ್ಕೂ ಅನ್ವಯವಾಯಿತು. ಪುಟದ ಜಾಗದಲ್ಲಿ ಪೋಸ್ಟ್ ಬಂತು. ಪುಟವನ್ನು ತಿದ್ದುತ್ತೇವೆ, ಪೋಸ್ಟ್ ಹಳತಾದ ಮೇಲೆ ಇನ್ನೊಂದನ್ನು ಹಾಕುತ್ತೇವೆ. ಜನರಿಗೂ ಅಂತರ್ಜಾಲಕ್ಕೂ ಇದ್ದ ನಂಟನ್ನು ಮೊದಲು ಬದಲಿಸಿದ್ದು ಸಾಮಾಜಿಕ ಜಾಲತಾಣಗಳಲ್ಲ, ದಿನಾಂಕದ ಈ ಕ್ರಮ ಎಂದೇ ನನ್ನ ಎಣಿಕೆ. 2006ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್, ಗೆಳೆಯರ ಹೊಸ ಸುದ್ದಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸುವ ನ್ಯೂಸ್ ಫೀಡ್ ತಂದಾಗ ಅದೇ ಪ್ರವಾಹಕ್ಕೆ ಎಲ್ಲರ ಮಾತುಗಳನ್ನೂ ಒಟ್ಟಿಗೆ ಹರಿಬಿಟ್ಟಿತು. ಯಾವುದು ಮೇಲೆ ಬರಬೇಕೆಂಬ ತೀರ್ಮಾನ ಮಾತ್ರ ಬರೆದವರ ಮತ್ತು ಓದುವವರ ಕೈತಪ್ಪಿ ಅಲ್ಗಾರಿದಮ್‌ಗೆ ಹೋಯಿತು. ಆರ್‌ಎಸ್‌ಎಸ್ ಎಂಬ ವ್ಯವಸ್ಥೆಯಿಂದ ತಮಗೆ ಬೇಕಾದ ತಾಣಗಳನ್ನು ತಾವೇ ಆಯ್ದು ಓದುತ್ತಿದ್ದವರಿಗೆ 2013ರ ಜುಲೈನಲ್ಲಿ ಅಂಥ ಓದಿನ ಸಾಧನವಾದ ಗೂಗಲ್ ರೀಡರ್ ಮುಚ್ಚಿದ್ದು ಇನ್ನೊಂದು ಪೆಟ್ಟು.

ಇದಕ್ಕೆ ಪ್ರತಿಯಾಗಿ ಬಂದ ಚಳವಳಿ ಇಂಡೀವೆಬ್. ಅದರ ಮೊದಲ ಶಿಬಿರ 2011ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ನಡೆಯಿತು. ಮೊದಲು ನಿಮ್ಮ ಸ್ವಂತ ತಾಣದಲ್ಲಿ ಪ್ರಕಟಿಸಿ, ಆಮೇಲೆ ಬೇಕಾದರೆ ಉಳಿದೆಡೆ ಹಂಚಿ ಎಂಬುದು ಅದರ ಮುಖ್ಯ ಪಾಠ. ಹೀಗೆ ಮಾಡಿದಾಗ ಹಂಚಿದ ಜಾಗ ಮುಚ್ಚಿಹೋದರೂ ಮೂಲ ಬರಹ ಉಳಿಯುತ್ತದೆ. ಒಂದು ತಾಣದಿಂದ ಇನ್ನೊಂದಕ್ಕೆ ಕೊಂಡಿ ಕೊಟ್ಟಾಗ ಅದನ್ನು ತಾನಾಗಿಯೇ ತಿಳಿಸುವ ವೆಬ್‌ಮೆನ್ಷನ್ ಎಂಬ ವಿಧಾನಕ್ಕೆ 2017ರಲ್ಲಿ ವೆಬ್‌ನ ಮಾನಕ ಸಂಸ್ಥೆಯಾದ ಡಬ್ಲ್ಯು3ಸಿ ಮನ್ನಣೆ ನೀಡಿತು. 2013ರಲ್ಲೇ ಆರಂಭವಾಗಿದ್ದ, ಪುಟಗಳಿಗೆ ಜಾಗ ಕೊಡುವ ನಿಯೋಸಿಟೀಸ್ ಎಂಬ ಸೇವೆ ಕೈಯಾರೆ ಪುಟ ಬರೆಯುವ ಹಳೆಯ ರೂಢಿಯನ್ನು ಹೊಸ ತಲೆಮಾರಿಗೆ ದಾಟಿಸಿತು. ದಿನಾಂಕದ ಹಂಗಿಲ್ಲದೆ ಟಿಪ್ಪಣಿಗಳನ್ನು ಬೆಳೆಸುತ್ತ ಹೋಗುವ ‘ಡಿಜಿಟಲ್ ಗಾರ್ಡನ್’ ತಾಣಗಳು ಈಚಿನವು. ನಿರ್ಮಾಣ ಹಂತದ ಆ ಹಳೆಯ ಫಲಕದ ತಿಳಿವಳಿಕೆಯೇ ಅಲ್ಲಿ ಮರಳಿ ಬಂದಿದೆ ಎನ್ನಬಹುದು.

ಸ್ವಂತ ತಾಣ ನಡೆಸುವವರಲ್ಲಿ ಆಗುವ ಬದಲಾವಣೆ ದೊಡ್ಡ ಮಾತುಗಳಿಗಿಂತ ಸಣ್ಣ ಅಭ್ಯಾಸಗಳಲ್ಲಿ ಕಾಣುತ್ತದೆ. ಮೆಚ್ಚುಗೆಯ ಎಣಿಕೆ ಪಕ್ಕದಲ್ಲಿ ಇಲ್ಲದಿರುವುದರಿಂದ ಬರಹ ಮುಗಿಯಿತೇ ಎಂಬುದನ್ನು ತಾವೇ ನಿರ್ಧರಿಸಬೇಕಾಗುತ್ತದೆ. ಹಳೆಯ ಲೇಖನದಲ್ಲಿ ತಪ್ಪು ಕಂಡರೆ ಹೊಸ ಲೇಖನ ಬರೆಯುವ ಬದಲು ಅದನ್ನೇ ತಿದ್ದಿ, ತಿದ್ದಿದ ದಿನಾಂಕ ಹಾಕುತ್ತಾರೆ. ಬೇರೆಯವರ ಕೊಂಡಿ ಮುರಿಯದಿರಲೆಂದು ವಿಳಾಸಗಳನ್ನು ಬದಲಿಸಲು ಹಿಂಜರಿಯುತ್ತಾರೆ. ಓದುಗರು ಕಡಿಮೆ, ನಿಜ. ಆದರೆ ಬರುವವರು ಹುಡುಕಿಕೊಂಡು ಬಂದವರು, ಅವರಲ್ಲಿ ಕೆಲವರು ಇಮೇಲ್ ಬರೆಯುತ್ತಾರೆ.

ಹಾಗೆಂದು ಇದು ಪೂರ್ಣ ಸ್ವಾಯತ್ತತೆಯೇನಲ್ಲ. ಡಾಟ್ ಕಾಮ್‌ನಂತಹ ಡೊಮೈನ್ ಹೆಸರನ್ನು, ಅಂದರೆ ತಾಣದ ವಿಳಾಸವನ್ನು, ಒಂದು ಸಲಕ್ಕೆ ಗರಿಷ್ಠ 10 ವರ್ಷಗಳ ಮಟ್ಟಿಗೆ ನೋಂದಾಯಿಸಬಹುದು, ಶಾಶ್ವತವಾಗಿ ಕೊಳ್ಳಲಾಗದು. ಶುಲ್ಕ ಕಟ್ಟುವುದು ತಪ್ಪಿದರೆ ಅದೇ ಹೆಸರಿನಲ್ಲಿ ನಾಳೆ ಜೂಜಿನ ಜಾಹೀರಾತು ಕಾಣಬಹುದು. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿಲ್ಲವೆಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ತಾಣದ ಒಡೆಯರಿಗೆ ಈಗ ಕೃತಕ ಬುದ್ಧಿಮತ್ತೆಯ ತರಬೇತಿಗಾಗಿ ಪುಟಗಳನ್ನು ಗುಡಿಸಿಕೊಂಡು ಹೋಗುವ ಯಂತ್ರಗಳ ಪ್ರಶ್ನೆಯೂ ಎದುರಾಗಿದೆ. ಅಂಥ ಯಂತ್ರಗಳಿಗೆ ಪ್ರವೇಶವಿದೆಯೋ ಇಲ್ಲವೋ ಎಂದು ತಿಳಿಸಲು ಅವರ ಬಳಿ ಇರುವ ಮುಖ್ಯ ಸಾಧನ 1994ರಲ್ಲಿ ರೂಪುಗೊಂಡ ರೋಬೋಟ್ಸ್ ಎಂಬ ಸಾದಾ ಪಠ್ಯ ಕಡತ. 2022ರಲ್ಲಿ ಅದಕ್ಕೆ ವಿಧ್ಯುಕ್ತ ಮಾನಕದ ರೂಪ ಸಿಕ್ಕಿತಾದರೂ, ಅದನ್ನು ಓದಿ ಪಾಲಿಸುವುದು ಇಂದಿಗೂ ಬರುವ ಯಂತ್ರದ ಇಚ್ಛೆಗೇ ಬಿಟ್ಟದ್ದು.